ಆಗದ ಮದುವೆಗೆ ಸಾಕ್ಷಿ ಎಲ್ಲಿದೆ?

ಬೇರೆ ದೇಶದಲ್ಲಿರುವವರನ್ನು ಮದುವೆಯಾಗಿ ಅಲ್ಲಿಯೇ ನೆಲೆಸಲು ಹೊರಟವರಿಗೆ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ನಿಮಗೆ ಈ ಮೊದಲು ಮದುವೆಯಾಗಿತ್ತೇ? ನಿಶ್ಚಿತಾರ್ಥವಾದವರಿಗೆ ಅಮೆರಿಕ ಕೊಡುವ ಕೆ-1 ವೀಸಾದ ಮೇಲೆ ಹೋದವರು 90 ದಿನಗಳೊಳಗೆ ಮದುವೆಯಾಗಬೇಕು. ಅದಕ್ಕೆ ಮೊದಲೇ ಇಬ್ಬರಿಗೂ ಮದುವೆಯಾಗಲು ಕಾನೂನಿನ ಅಡ್ಡಿಯಿಲ್ಲ ಎಂಬುದು ಇತ್ಯರ್ಥವಾಗಿರಬೇಕು. ಜರ್ಮನಿಯಲ್ಲಿ ಮದುವೆಯಾಗಬಯಸುವ ಪರದೇಶದವರಿಂದ ಅಲ್ಲಿನ ನಾಗರಿಕ ಸಂಹಿತೆಯ 1309ನೇ ಕಲಂ, ಅವರವರ ದೇಶದ ಅಧಿಕಾರಿಗಳೇ ಬರೆದುಕೊಟ್ಟ ಅಡ್ಡಿಯಿಲ್ಲದ ಪತ್ರವನ್ನು ಕೇಳುತ್ತದೆ. ಫಿಲಿಪ್ಪೀನ್ಸ್‌ನವರು ತಮ್ಮ ಸರ್ಕಾರದ ಅಂಕಿಅಂಶ ಪ್ರಾಧಿಕಾರದಿಂದ ಮದುವೆಯ ದಾಖಲೆ ಇಲ್ಲವೆಂಬ ಪತ್ರ ತರುತ್ತಾರೆ. ಭಾರತದವರು ಸಾಮಾನ್ಯವಾಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಮೊಹರು ಹಾಕಿಸಿ, ಅದರ ಮೇಲೆ ಇನ್ನಷ್ಟು ಮೊಹರುಗಳಿಗಾಗಿ ಅಲೆಯುತ್ತಾರೆ. ವಿಚ್ಛೇದನ ಪಡೆದವರ ಬಳಿ ಸಾಮಾನ್ಯವಾಗಿ ನ್ಯಾಯಾಲಯದ ಡಿಕ್ರಿ ಇರುತ್ತದೆ. ಸಂಗಾತಿಯನ್ನು ಕಳೆದುಕೊಂಡವರ ಬಳಿ ಮರಣ ಪ್ರಮಾಣಪತ್ರ ಇರುತ್ತದೆ. ಮದುವೆಯೇ ಆಗದವರ ಬಳಿ ಏನಿರುತ್ತದೆ? ಇದನ್ನು ಕಚೇರಿಯ ಕಿರಿಕಿರಿ ಎಂದುಕೊಂಡು ಸುಮ್ಮನಾಗಬಹುದು. ಆದರೆ ಇದರ ಅಡಿಯಲ್ಲಿರುವುದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆ: ಇಲ್ಲದ್ದನ್ನು ನಾವು ತಿಳಿಯುವುದು ಹೇಗೆ, ತಿಳಿದದ್ದನ್ನು ಇನ್ನೊಬ್ಬರಿಗೆ ಮನಗಾಣಿಸುವುದು ಹೇಗೆ? ಆ ವಾದಗಳ ಬೆಳಕಿನಲ್ಲಿ ನೋಡಿದರೆ, ಹಿಂದೆ ಮದುವೆಯಾಗಿಲ್ಲ ಎಂಬುದನ್ನು ನಮ್ಮಂಥ ದೇಶದಲ್ಲಿ ಯಾವ ಕಾಗದವೂ ಸಾಬೀತುಮಾಡಲಾರದು. ಹುಡುಕಬೇಕಾದ ಕಡೆ ಪ್ರಭುತ್ವವೇ ಹುಡುಕಿ, ಏನೂ ಸಿಗದಿದ್ದರೆ ಅರ್ಜಿದಾರರ ಮಾತನ್ನು ನಂಬುವುದೇ ನ್ಯಾಯ. ತಾನು ನಂಬುತ್ತಿರುವುದು ಮಾತನ್ನೇ ಎಂದು ಒಪ್ಪಿಕೊಳ್ಳುವುದು ಪ್ರಭುತ್ವದ ಪ್ರಾಮಾಣಿಕತೆ. ಇದೇ ಈ ಪ್ರಬಂಧದ ವಾದ.

ನ್ಯಾಯ-ವೈಶೇಷಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತವೆ. ಒಂದು ವಸ್ತು ಹುಟ್ಟುವುದಕ್ಕೆ ಮುಂಚಿನ ಅದರ ಇಲ್ಲದಿರುವಿಕೆ ಪ್ರಾಗಭಾವ; ಅದು ನಾಶವಾದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ. ಪ್ರಧ್ವಂಸಾಭಾವಕ್ಕೆ ಆದಿಯಿದೆ, ಅಂತ್ಯವಿಲ್ಲ. ಪಾಠಶಾಲೆಯ ಸೂಕ್ಷ್ಮದಂತೆ ಕಾಣುವ ಈ ಭೇದ ವೀಸಾ ಕಚೇರಿಯ ಇಡೀ ತೊಡಕನ್ನು ವಿವರಿಸುತ್ತದೆ. ವಿಚ್ಛೇದಿತರ ಈಗಿನ ಒಂಟಿತನ ಪ್ರಧ್ವಂಸಾಭಾವ. ಅದು ಒಂದು ದಿನ, ಒಂದು ಊರಿನಲ್ಲಿ, ಒಂದು ಕಾರಣದಿಂದ ಶುರುವಾಯಿತು. ಶುರುವಾದದ್ದರಿಂದಲೇ ಅದಕ್ಕೆ ತಾರೀಖು ಇದೆ, ಸಾಕ್ಷಿ ಇದೆ, ಡಿಕ್ರಿ ಇದೆ. ಎಂದೂ ಮದುವೆಯಾಗದೆ ಈಗ ಮದುವೆಗೆ ಹೊರಟವರ ಸ್ಥಿತಿ ಪ್ರಾಗಭಾವ. ಅದು ಯಾವತ್ತೂ ಶುರುವಾದದ್ದಲ್ಲ. ಅವರು ಹುಟ್ಟಿದ ದಿನವೂ ಅದು ಇತ್ತು, ಮುಂದೆ ಮಂಟಪಕ್ಕೆ ಬರುವ ಕ್ಷಣದವರೆಗೂ ಇರುತ್ತದೆ. ಆದಿಯಿಲ್ಲದ ಸ್ಥಿತಿಯನ್ನು ಯಾರೂ ಯಾವ ದಿನವೂ ಯಾವ ಪುಸ್ತಕದಲ್ಲೂ ನಮೂದಿಸಿರುವುದಿಲ್ಲ. ದಾಖಲೆ ಎನ್ನುವುದು ಘಟನೆಯ ಮಗು. ಘಟನೆಯೇ ನಡೆಯದ ಕಡೆ ದಾಖಲೆಯನ್ನು ಕೇಳುವುದೆಂದರೆ ಎರಡು ಬೇರೆ ಬಗೆಯ ಇಲ್ಲದಿರುವಿಕೆಗಳನ್ನು ಒಂದೇ ಎಂದು ತಪ್ಪಾಗಿ ಎಣಿಸುವುದು. ವಿಚ್ಛೇದಿತರಿಂದ ಡಿಕ್ರಿ ಕೇಳುವುದು ಸರಿಯಾದ ಪ್ರಶ್ನೆ. ಅದೇ ಅಚ್ಚಿನಲ್ಲಿ ಅವಿವಾಹಿತರಿಂದಲೂ ಏನಾದರೊಂದು ಪತ್ರ ಬರಲಿ ಎಂದು ಕಾಯುವುದು, ಆಡಳಿತಕ್ಕೆ ಒಗ್ಗಿದ ರೂಪವನ್ನು ವಸ್ತುಸ್ಥಿತಿಯ ಮೇಲೆ ಹೇರುವುದು.

ಹಾಗಾದರೆ ಇಲ್ಲ ಎಂಬುದು ನಮಗೆ ತಿಳಿಯುವುದೇ ಇಲ್ಲವೇ? ಖಂಡಿತ ತಿಳಿಯುತ್ತದೆ. ನೆಲದ ಮೇಲೆ ಮಡಕೆ ಇಲ್ಲ ಎಂಬುದನ್ನು ನೋಡಿದ ಕೂಡಲೇ ಅರಿಯುತ್ತೇವೆ. ಈ ಅರಿವು ಎಲ್ಲಿಂದ ಬಂತು ಎಂಬುದರ ಬಗ್ಗೆ ಮತಭೇದವಿತ್ತು. ಮೀಮಾಂಸಕನಾದ ಕುಮಾರಿಲ ಭಟ್ಟ ಅನುಪಲಬ್ಧಿಯನ್ನು, ಅಂದರೆ ಕಾಣಸಿಗದಿರುವುದನ್ನು, ಪ್ರತ್ಯೇಕವಾದ ಆರನೆಯ ಪ್ರಮಾಣವೆಂದ. ಅದ್ವೈತಿಗಳೂ ಅದನ್ನು ಒಪ್ಪಿದರು. ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರು ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಇರುವುದು ಬರಿಯ ನೆಲ ಮಾತ್ರ ಎಂದರು. ನೈಯಾಯಿಕರು ಅದು ಪ್ರತ್ಯಕ್ಷಕ್ಕೇ ಸೇರಿದ್ದು ಎಂದರು. ಈ ಜಗಳದ ನಡುವೆಯೂ ಹೆಚ್ಚು ಕಡಿಮೆ ಎಲ್ಲರೂ ಒಪ್ಪಿದ ಒಂದು ಷರತ್ತಿದೆ: ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂತಿದ್ದರೆ ಮಾತ್ರ, ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗುತ್ತದೆ. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲ ಎಂದರೆ ಅದು ಏನನ್ನೂ ಹೇಳುವುದಿಲ್ಲ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ಷರತ್ತನ್ನು ಎಲ್ಲರಿಗಿಂತ ಬಿಗಿಯಾಗಿ ಹೇಳಿದ. ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ನಮಗೆ ದೂರವಾದ ವಸ್ತು ಕಾಣಲಿಲ್ಲವೆಂದರೆ ಅದರಿಂದ ಹುಟ್ಟುವುದು ಸಂಶಯ ಮಾತ್ರ, ನಿಶ್ಚಯವಲ್ಲ ಎಂಬುದು ಅವನ ಮತ. ಅರ್ಜಿದಾರರ ಹಿಂದಿನ ಮದುವೆ, ಒಂದು ವೇಳೆ ನಡೆದಿದ್ದರೆ, ವೀಸಾ ಅಧಿಕಾರಿಗೆ ದೇಶದಿಂದಲೂ ದೂರ, ಕಾಲದಿಂದಲೂ ದೂರ. ಆದ್ದರಿಂದ ಕೇಳಬೇಕಾದ ಮುಖ್ಯ ಪ್ರಶ್ನೆ, ಅವರ ಮದುವೆಯ ದಾಖಲೆ ಸಿಕ್ಕಿತೇ ಎಂಬುದಲ್ಲ. ಮದುವೆಯಾಗಿದ್ದರೆ ದಾಖಲೆ ಸಿಕ್ಕೇ ಸಿಗುತ್ತಿತ್ತೇ ಎಂಬುದು.

ಭಾರತದ ಮಟ್ಟಿಗೆ ಈ ಪ್ರಶ್ನೆಗೆ ಇಲ್ಲ ಎಂಬ ಉತ್ತರವನ್ನು ಕಾನೂನೇ ಕೊಟ್ಟಿದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ ಮದುವೆ ಆಯಾ ಪಕ್ಷದವರ ರೂಢಿಯ ವಿಧಿಗಳಿಂದ ನಡೆಯುತ್ತದೆ. ಆ ವಿಧಿಗಳಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಯೊಂದಿಗೆ ಮದುವೆ ಪೂರ್ಣವಾಗುತ್ತದೆ. 8ನೇ ಕಲಂ ನೋಂದಣಿಗೆ ಅವಕಾಶ ಕೊಟ್ಟು, ನೋಂದಾಯಿಸದ ಮಾತ್ರಕ್ಕೆ ಮದುವೆಯ ಸಿಂಧುತ್ವಕ್ಕೆ ಧಕ್ಕೆಯಿಲ್ಲ ಎಂದೂ ಹೇಳುತ್ತದೆ. ಕರ್ನಾಟಕ 1976ರಲ್ಲೇ ಮದುವೆ ನೋಂದಣಿಗೆಂದು ಪ್ರತ್ಯೇಕ ಕಾಯ್ದೆ ಮಾಡಿದ ಕೆಲವೇ ರಾಜ್ಯಗಳಲ್ಲಿ ಒಂದು. 2006ರಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ನೋಂದಣಿಯನ್ನು ಕಡ್ಡಾಯ ಮಾಡಬೇಕೆಂದು ನಿರ್ದೇಶಿಸಿತು. ಹಾಗಿದ್ದರೂ ಊರಿನ ದೇವಸ್ಥಾನದಲ್ಲಿ, ಮನೆಯಂಗಳದ ಚಪ್ಪರದಲ್ಲಿ ನಡೆದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತದ ಮದುವೆಗಳು ಈಗಲೂ ಮದುವೆಗಳೇ. ಇದರ ಇನ್ನೊಂದು ಮಗ್ಗುಲನ್ನು 2024ರಲ್ಲಿ ಅದೇ ನ್ಯಾಯಾಲಯ ಡಾಲಿ ರಾಣಿ ಪ್ರಕರಣದಲ್ಲಿ ತೋರಿಸಿತು: ವಿಧಿಗಳೇ ನಡೆಯದೆ ಪಡೆದ ನೋಂದಣಿ ಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲ. ದಾಖಲೆಯಿಲ್ಲದ ಮದುವೆಯೂ ಇರಬಹುದು, ಮದುವೆಯಿಲ್ಲದ ದಾಖಲೆಯೂ ಇರಬಹುದು. ಮದುವೆ ಮತ್ತು ದಾಖಲೆ ಹೀಗೆ ಬೇರೆ ಬೇರೆ ದಾರಿ ಹಿಡಿದಿರುವಲ್ಲಿ ನೋಂದಣಿ ಪುಸ್ತಕದಲ್ಲಿ ಹೆಸರು ಸಿಗಲಿಲ್ಲ ಎಂಬುದು ಧರ್ಮಕೀರ್ತಿ ಹೇಳಿದ ಸಂಶಯದ ಮಟ್ಟದಲ್ಲೇ ನಿಲ್ಲುತ್ತದೆ. ಸಾವಿರ ಪುಟ ತಿರುವಿ ಹಾಕಿದರೂ ಅದು ನಿಶ್ಚಯವಾಗಿ ಬೆಳೆಯುವುದಿಲ್ಲ.

ಬೇರೆ ವ್ಯವಸ್ಥೆಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರವಿದೆ. ಜಪಾನಿನಲ್ಲಿ ಮದುವೆ ಕಾನೂನಿನ ಕಣ್ಣಿಗೆ ಮದುವೆಯಾಗುವುದು ಅದನ್ನು ಕಚೇರಿಗೆ ತಿಳಿಸಿ ಒಪ್ಪಿಸಿದಾಗ. ಆಮೇಲೆ ಅದು ಕೊಸೆಕಿ ಎಂಬ ಕುಟುಂಬ ದಾಖಲೆಯಲ್ಲಿ ಸೇರುತ್ತದೆ. ಫ್ರಾನ್ಸಿನಲ್ಲಿ 1897ರಿಂದ ಪ್ರತಿಯೊಬ್ಬರ ಜನನ ದಾಖಲೆಯ ಅಂಚಿನಲ್ಲಿ ಅವರ ಮದುವೆಯನ್ನೂ ಬರೆಯುತ್ತಾರೆ. ಅಂಥ ಕಡೆ ಅಂಚು ಖಾಲಿಯಿದೆ ಎಂಬುದಕ್ಕೆ ನಿಜವಾದ ಅರ್ಥವಿದೆ, ಏಕೆಂದರೆ ಮದುವೆ ನಡೆದಿದ್ದರೆ ಅದು ಅಲ್ಲಿಗೆ ಬಂದೇ ಬರಬೇಕಿತ್ತು. ಈ ಸ್ಥಿತಿಗೆ ಬರುವ ಮುನ್ನ ಯೂರೋಪೂ ನಮ್ಮದೇ ತೊಡಕಿನಲ್ಲಿ ತೊಳಲಾಡಿತ್ತು. ಕ್ಯಾಥೊಲಿಕ್ ಚರ್ಚು ಬಹುಕಾಲ ಇಬ್ಬರ ಪರಸ್ಪರ ಒಪ್ಪಿಗೆಯಷ್ಟೇ ಮದುವೆಗೆ ಸಾಕು ಎಂದು ಹೇಳುತ್ತಿತ್ತು. ಪಾದ್ರಿಯಾಗಲಿ ಸಾಕ್ಷಿಯಾಗಲಿ ಇಲ್ಲದೆ ಗುಟ್ಟಾಗಿ ಆದ ಮದುವೆಯೂ ದೇವರ ಮುಂದೆ ಮದುವೆಯೇ. ಇದರಿಂದಾಗಿ ಒಬ್ಬಳನ್ನು ಗುಟ್ಟಾಗಿ ಕೈಹಿಡಿದು, ಇನ್ನೊಬ್ಬಳನ್ನು ಊರ ಮುಂದೆ ಮದುವೆಯಾದವನನ್ನು ತಡೆಯಲು ಚರ್ಚಿನ ಬಳಿ ದಾರಿ ಇರಲಿಲ್ಲ. 1215ರ ಲ್ಯಾಟರನ್ ಮಹಾಸಭೆ ಮದುವೆಗೆ ಮುನ್ನ ಚರ್ಚಿನಲ್ಲಿ ಬಹಿರಂಗವಾಗಿ ಸಾರಬೇಕು, ಅಡ್ಡಿ ಗೊತ್ತಿರುವವರು ಬಂದು ಹೇಳಲಿ ಎಂದಿತು. ಅದೂ ಸಾಲದಾದಾಗ 1563ರಲ್ಲಿ ಟ್ರೆಂಟ್ ಮಹಾಸಭೆ ಪಾದ್ರಿ ಮತ್ತು ಸಾಕ್ಷಿಗಳಿಲ್ಲದ ಮದುವೆ ಮದುವೆಯೇ ಅಲ್ಲವೆಂದು ಘೋಷಿಸಿ, ಪಾದ್ರಿಗಳು ಮದುವೆ ಪುಸ್ತಕ ಇಡಬೇಕೆಂದು ವಿಧಿಸಿತು. ಗಮನಿಸಬೇಕಾದ ಸಂಗತಿ ಇಲ್ಲಿದೆ. ಇಲ್ಲದ ಮದುವೆಯನ್ನು ತಿಳಿಯುವ ಹೊಸ ಕಣ್ಣೇನೂ ಚರ್ಚಿಗೆ ದಕ್ಕಲಿಲ್ಲ. ಅದು ಮದುವೆ ಎಂದರೇನು ಎಂಬುದನ್ನೇ ಬದಲಿಸಿತು. ಕಾಣುವಂಥದ್ದು ಮಾತ್ರ ಮದುವೆ ಎಂದು ತೀರ್ಮಾನಿಸಿದ ಮೇಲೆ, ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಯಿತು.

ನಾವೂ ಹಾಗೆಯೇ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ನೋಂದಣಿಯಾಗದ ಮದುವೆ ಅಸಿಂಧು ಎಂದುಬಿಟ್ಟರೆ ಅವಿವಾಹಿತರಿಗೆ ಒಂದೇ ದಿನದಲ್ಲಿ ಖಚಿತವಾದ ಪತ್ರ ಕೊಡಬಹುದು, ಎಲ್ಲವನ್ನೂ ಒಂದು ಗಣಕಯಂತ್ರದಲ್ಲಿ ಜೋಡಿಸಿಡಬಹುದು ಎಂಬುದು ಅವರ ವಾದ. ಇದರಲ್ಲಿ ತರ್ಕವಿದೆ, ಆದರೆ ಅದರ ಬೆಲೆ ತೆರುವವರು ಯಾರೆಂಬ ಲೆಕ್ಕ ಇಲ್ಲ. ನೋಂದಣಿಯಾಗದ ಮದುವೆಗಳಲ್ಲಿ ಇರುವವರು ಹೆಚ್ಚಾಗಿ ಬಡವರು, ಓದುಬರಹ ಇಲ್ಲದವರು, ಕಚೇರಿ ದೂರವಿರುವವರು. ಅಂಥ ಮದುವೆ ಅಸಿಂಧುವಾದರೆ ಜೀವನಾಂಶ, ಆಸ್ತಿ, ಪಿಂಚಣಿ ಎಲ್ಲವೂ ಕೈತಪ್ಪುವುದು ಮುಖ್ಯವಾಗಿ ಹೆಂಡತಿಗೆ. ಬಿಟ್ಟು ಹೋಗಬೇಕೆಂದಿರುವ ಗಂಡನಿಗೆ ಕಾನೂನು ತಾನೇ ಬಾಗಿಲು ತೆರೆದುಕೊಟ್ಟಂತಾಗುತ್ತದೆ. ವೀಸಾ ಅರ್ಜಿದಾರರಿಗೆ ಸುಲಭವಾಗಲೆಂದು ಹಳ್ಳಿಯ ಹೆಂಗಸಿನ ಮದುವೆಯನ್ನು ಅಳಿಸಿಹಾಕುವುದು ನ್ಯಾಯವಲ್ಲ. 2006ರ ತೀರ್ಪಿನ ಮೇಲೂ ನೋಂದಣಿಯಿಲ್ಲದ ಹಿಂದೂ ವಿವಾಹದ ಸಿಂಧುತ್ವವನ್ನು ಕಾನೂನು ಉಳಿಸಿಕೊಂಡು ಬಂದಿರುವುದರಲ್ಲಿ ಈ ವಿವೇಕವಿದೆ. ನೋಂದಣಿ ಹೆಚ್ಚಬೇಕು, ಅದನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಬೇಕು. ಆದರೆ ಮದುವೆಯ ಪ್ರಾಣ ಅದರ ವಿಧಿಯಲ್ಲೇ ಇದೆ ಎಂದು ನಂಬುವ ಸಮಾಜದಲ್ಲಿ, ಪುಸ್ತಕದಲ್ಲಿಲ್ಲದ ಮದುವೆ ಎಷ್ಟೋ ಕಾಲ ಇದ್ದೇ ಇರುತ್ತದೆ. ಅಷ್ಟು ಕಾಲ ಅವಿವಾಹಿತರ ಸ್ಥಿತಿಗೆ ಪುಸ್ತಕ ಪೂರ್ಣ ಸಾಕ್ಷಿಯಾಗದು ಎಂಬುದನ್ನೂ ನಾವು ಒಪ್ಪಬೇಕು.

ಪುಸ್ತಕ ಕೈಕೊಟ್ಟಾಗ ಆಡಳಿತ ಹಿಡಿದ ದಾರಿ ಮೊಹರುಗಳ ಸರಪಳಿ. ಅರ್ಜಿದಾರರು ನಾನು ಮದುವೆಯಾಗಿಲ್ಲ ಎಂದು ಬರೆದು ಸಹಿ ಹಾಕುತ್ತಾರೆ. ಆ ಸಹಿ ಅವರದೇ ಎಂದು ನೋಟರಿ ದೃಢೀಕರಿಸುತ್ತಾರೆ. ನೋಟರಿಯ ಸಹಿಯನ್ನು ಮೇಲಿನ ಅಧಿಕಾರಿ, ಆ ಅಧಿಕಾರಿಯ ಸಹಿಯನ್ನು ರಾಜ್ಯದ ಇಲಾಖೆ, ಕೊನೆಗೆ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಅಂಟಿಸಿ ದೃಢೀಕರಿಸುತ್ತದೆ. ಅಪೋಸ್ಟಿಲ್ ವ್ಯವಸ್ಥೆಯ ಮೂಲವಾದ 1961ರ ಹೇಗ್ ಒಪ್ಪಂದವೇ ತನ್ನ ಮಿತಿಯನ್ನು ಹೇಳಿಕೊಂಡಿದೆ: ಅದು ದೃಢೀಕರಿಸುವುದು ಸಹಿ ನಿಜವಾದದ್ದು, ಸಹಿ ಮಾಡಿದವರಿಗೆ ಆ ಅಧಿಕಾರವಿತ್ತು, ಮೊಹರು ಅಸಲಿ ಎಂಬಿಷ್ಟನ್ನು. ಪತ್ರದ ಒಳಗಿನ ಮಾತು ಸತ್ಯವೇ ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಭಾರತ 2005ರಲ್ಲಿ ಈ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತ್ತು ಎಂಬುದನ್ನೂ ಇಲ್ಲಿ ನೆನೆಯಬಹುದು. ಕೊನೆಯ ಮೊಹರನ್ನೂ ಒಪ್ಪದವರು ಇದ್ದೇ ಇರುತ್ತಾರೆ. ಮೀಮಾಂಸಕರು ಇಂಥ ಸರಪಳಿಯನ್ನು ಅನವಸ್ಥೆ ಎಂದು ಕರೆದು ಅದನ್ನು ದೋಷವೆಂದು ಎಣಿಸಿದರು. ಒಂದು ಅರಿವು ಸರಿ ಎಂಬುದಕ್ಕೆ ಇನ್ನೊಂದು ಅರಿವು ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗುತ್ತದೆ, ಕೊನೆಯೇ ಇರುವುದಿಲ್ಲ. ಆದ್ದರಿಂದ ಅವರು ಸ್ವತಃಪ್ರಾಮಾಣ್ಯವನ್ನು ಒಪ್ಪಿದರು. ಅರಿವು ತಾನಾಗಿಯೇ ಪ್ರಮಾಣ, ಬಾಧಕವಾದ ಬೇರೆ ಅರಿವು ಎದ್ದು ಬಂದಾಗ ಮಾತ್ರ ಅದು ಬಿದ್ದುಹೋಗುತ್ತದೆ. ಅವಿವಾಹಿತರ ಅಫಿಡವಿಟ್ಟಿಗೆ ಐದು ಮೊಹರು ಬಿದ್ದರೂ ಮದುವೆಯ ಬಗ್ಗೆ ಅದರಲ್ಲಿರುವುದು ಮೊದಲ ಸಹಿಯ ಬಲವಷ್ಟೇ. ಉಳಿದವು ಕಾಗದದ ಬಗ್ಗೆ ಮಾತಾಡುತ್ತವೆ, ಮದುವೆಯ ಬಗ್ಗೆ ಅಲ್ಲ.

ಆ ಮೊದಲ ಸಹಿಯ ಬಲವನ್ನಾದರೂ ನಾವು ಕಡಿಮೆ ಅಂದಾಜು ಮಾಡಬಾರದು. ಶ್ಲೋಕವಾರ್ತಿಕವೆಂಬ ತನ್ನ ಗ್ರಂಥದಲ್ಲಿ ಕುಮಾರಿಲ ಒಂದು ಸನ್ನಿವೇಶವನ್ನು ಎದುರಿಡುತ್ತಾನೆ. ಒಬ್ಬ ಒಂದು ಜಾಗವನ್ನು ನೋಡಿ ಬಂದಿದ್ದಾನೆ. ಆಮೇಲೆ ಬೇರೆಲ್ಲೋ ಇರುವಾಗ, ಅಲ್ಲಿ ಇಂಥದ್ದು ಇತ್ತೇ ಎಂದು ಯಾರೋ ಕೇಳುತ್ತಾರೆ. ನೋಡುವಾಗ ಆ ವಸ್ತುವಿನ ಯೋಚನೆಯೇ ಅವನಿಗೆ ಇರಲಿಲ್ಲ. ಆದರೂ ಆ ಜಾಗವನ್ನು ನೆನೆದು, ಇರಲಿಲ್ಲ ಎಂಬುದನ್ನು ಆ ಕ್ಷಣದಲ್ಲೇ ಅರಿಯುತ್ತಾನೆ. ವೀಸಾ ಅರ್ಜಿಯ ಪ್ರಶ್ನೆಗೆ ಉತ್ತರಿಸುವವರ ಸ್ಥಿತಿ ಇದೇ. ತಾವು ಬದುಕಿದ ಬದುಕಿಗೆ ಅವರಷ್ಟು ಹತ್ತಿರದವರು ಇನ್ನಾರೂ ಇಲ್ಲ. ಮದುವೆಯಂಥ ಘಟನೆ ನಡೆದಿದ್ದರೆ ಅವರಿಗೆ ನೆನಪಿಲ್ಲದೆ ಹೋಗುವ ಮಾತೇ ಇಲ್ಲ. ದಾರ್ಶನಿಕರು ಕೇಳಿದ ಷರತ್ತು, ಇದ್ದಿದ್ದರೆ ಕಾಣುತ್ತಿತ್ತು ಎಂಬುದು, ಸಂಪೂರ್ಣವಾಗಿ ನೆರವೇರುವುದು ಈ ಒಬ್ಬ ವ್ಯಕ್ತಿಯ ಒಳಗೆ ಮಾತ್ರ. ತಂದೆ ತಾಯಿ, ಒಡಹುಟ್ಟಿದವರು, ಒಂದೇ ಊರಿನಲ್ಲಿ ಬೆಳೆದವರು ಇದಕ್ಕೆ ಹತ್ತಿರ ಬರುತ್ತಾರೆ. ನಮ್ಮ ಮದುವೆಗಳು ಓಲಗ ಊದಿಸಿ ಬಂಧುಬಳಗಕ್ಕೆ ಉಣಬಡಿಸಿ ನಡೆಯುವುದರಿಂದ, ಅವರಿಗೆ ಗೊತ್ತಾಗದೆ ಇರುವುದು ಅಪರೂಪ. ಮಂಗಳೂರಿನಂಥ ಕಡೆಯ ಕ್ಯಾಥೊಲಿಕ್ ಚರ್ಚುಗಳಲ್ಲೂ ಮದುವೆಗೆ ಮುನ್ನ ದೀಕ್ಷಾಸ್ನಾನದ ದಾಖಲೆಯನ್ನು ನೋಡುತ್ತಾರೆ; ಚರ್ಚಿನ ಕಾನೂನಿನಂತೆ ಆ ಪುಸ್ತಕದಲ್ಲೇ ಮದುವೆಯನ್ನೂ ನಮೂದಿಸಬೇಕು. ಆದರೆ ಓದಿಗೆಂದು ಒಂದು ಊರು, ಕೆಲಸಕ್ಕೆಂದು ಮತ್ತೊಂದು ಊರು ಸುತ್ತಿದವರ ಇಡೀ ಬದುಕನ್ನು ನೋಡಿದ ಊರು ಇಂದು ಯಾವುದೂ ಇಲ್ಲ. ಕೊನೆಗೆ ಉಳಿಯುವ ಪೂರ್ಣ ಸಾಕ್ಷಿ ಅವರ ಅಂತರಂಗವೇ. ಅದು ಬೇರೆಯವರಿಗೆ ತಲುಪಬೇಕಾದರೆ ಮಾತಿನ ಮೂಲಕವೇ ತಲುಪಬೇಕು.

ಇಲ್ಲಿ ಮೊದಲ ಗಟ್ಟಿ ಆಕ್ಷೇಪ ಬರುತ್ತದೆ: ಸುಳ್ಳುಗಾರನೂ ಇದೇ ಮಾತನ್ನು ಇದೇ ಸಹಿಯೊಂದಿಗೆ ಹೇಳುತ್ತಾನಲ್ಲ? ಹೌದು, ಹೇಳುತ್ತಾನೆ, ಹೇಳಲು ಅವನಿಗೆ ಆಸೆಯ ಕಾರಣಗಳೂ ಇವೆ. ಅಮೆರಿಕದ ವಲಸೆ ಕಾನೂನಿನಲ್ಲಿ ಗ್ರೀನ್ ಕಾರ್ಡ್ ಇರುವವರ 21 ದಾಟಿದ ಮಕ್ಕಳಿಗೆ ಅವಿವಾಹಿತರಾಗಿದ್ದರೆ ಮಾತ್ರ ಕುಟುಂಬದ ಸಾಲಿನಲ್ಲಿ ಜಾಗವಿದೆ. ವರ್ಷಗಟ್ಟಲೆ ಕಾಯುವ ಆ ಸಾಲಿನಲ್ಲಿ ನಿಂತವರು ಊರಿನಲ್ಲಿ ಆದ ಮದುವೆಯನ್ನು ಮುಚ್ಚಿಡುವ ಸಂಭವ ಕಲ್ಪನೆಯದಲ್ಲ. ಆದರೆ ಇದಕ್ಕೆ ಮೊಹರು ಹೆಚ್ಚಿಸುವುದು ಮದ್ದಲ್ಲ. ಸುಳ್ಳು ಅಫಿಡವಿಟ್ಟಿನ ಮೇಲೂ ಅವೇ ಮೊಹರು ಅಷ್ಟೇ ಚೆನ್ನಾಗಿ ಬೀಳುತ್ತವೆ. ಮದ್ದು ಇರುವುದು ಹೊಣೆಗಾರಿಕೆಯಲ್ಲಿ. ಹಿಂದಿನ ಮದುವೆಯನ್ನು ಬಚ್ಚಿಟ್ಟು ಮತ್ತೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ 10 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಸುಳ್ಳು ಹೇಳಿ ವೀಸಾ ಪಡೆದದ್ದು ಬಯಲಾದರೆ ಅಮೆರಿಕದ ಕಾನೂನು ಮುಂದಿನ ಪ್ರವೇಶಕ್ಕೇ ಅಡ್ಡ ನಿಲ್ಲುತ್ತದೆ. ಸಹಿ ಹಾಕುವವರು ತಮ್ಮ ಮಾತು ಮುಂದೆ ಸುಳ್ಳೆಂದು ತೋರಿಬಂದರೆ ಅದರ ಫಲವನ್ನು ಅನುಭವಿಸಲು ಒಪ್ಪಿ ಸಹಿ ಹಾಕುತ್ತಾರೆ. ಅಫಿಡವಿಟ್ಟಿನ ನಿಜವಾದ ತಿರುಳು ಇದು. ಅದು ಘಟನೆಯ ಚಿತ್ರವಲ್ಲ, ಮಾತಿಗೆ ಕೊಟ್ಟ ಜಾಮೀನು.

ರುಜುವಾತಿನ ಭಾರ ಯಾರ ಮೇಲೆ ಇರಬೇಕೆಂಬುದನ್ನು ನಮ್ಮ ನೆಲದಲ್ಲೇ ಬರೆದ ಗ್ರಂಥವೊಂದು ಒಂಬೈನೂರು ವರ್ಷಗಳ ಹಿಂದೆ ಚರ್ಚಿಸಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ. ವ್ಯಾಜ್ಯದಲ್ಲಿ ಪ್ರತಿವಾದಿ ಕೊಡಬಹುದಾದ ಉತ್ತರಗಳನ್ನು ಧರ್ಮಶಾಸ್ತ್ರ ನಾಲ್ಕು ಬಗೆಯಾಗಿ ಹೇಳುತ್ತದೆ. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. ಪ್ರತಿವಾದಿ ಆರೋಪವನ್ನು ಒಪ್ಪಿ, ಅದಕ್ಕೆ ಬೇರೆ ಕಾರಣ ಕೊಟ್ಟರೆ ರುಜುವಾತು ಅವನ ಹೊಣೆ. ಅಂಥದ್ದು ನಡೆದೇ ಇಲ್ಲ ಎಂದು ಸಾರಾಸಗಟು ನಿರಾಕರಿಸಿದರೆ, ನಡೆದಿದೆ ಎಂದ ವಾದಿಯೇ ಅದನ್ನು ತೋರಿಸಬೇಕು. ರೋಮನ್ನರ ನ್ಯಾಯಶಾಸ್ತ್ರವೂ ರುಜುವಾತು ಹೇಳುವವನ ಹೊಣೆ, ಅಲ್ಲಗಳೆಯುವವನದಲ್ಲ ಎಂಬ ಸೂತ್ರಕ್ಕೇ ಬಂದು ನಿಂತಿತು. ಎರಡು ದೂರದ ಸಂಪ್ರದಾಯಗಳು ಒಂದೇ ಕಡೆ ತಲುಪಿದ್ದರ ಹಿಂದೆ ವಸ್ತುವಿನ ಸ್ವಭಾವವೇ ಇದೆ: ನಡೆದದ್ದು ಗುರುತು ಬಿಡುತ್ತದೆ, ನಡೆಯದ್ದು ಬಿಡುವುದಿಲ್ಲ. ಯಾಜ್ಞವಲ್ಕ್ಯ ಮನುಷ್ಯ ಪ್ರಮಾಣಗಳೆಂದು ಹೇಳುವುದು ಬರಹ, ಭೋಗ (ಅಂದರೆ ಸ್ವಾಧೀನಾನುಭವ), ಸಾಕ್ಷಿ ಎಂಬ ಮೂರನ್ನು. ಇವು ಯಾವುವೂ ಸಿಗದ ಕಡೆ ತಕ್ಕಡಿ, ಬೆಂಕಿ, ನೀರು, ವಿಷ ಮುಂತಾದ ದಿವ್ಯಗಳು, ಅಂದರೆ ದೈವಪರೀಕ್ಷೆಗಳು, ಬರುತ್ತವೆ. ಇದರಲ್ಲಿ ಒಂದು ಎಚ್ಚರಿಕೆ ಅಡಗಿದೆ. ಮನುಷ್ಯ ಪ್ರಮಾಣ ಸಾಧ್ಯವೇ ಇಲ್ಲದ ಸಂಗತಿಗೆ ಪ್ರಮಾಣವನ್ನು ಒತ್ತಾಯಿಸುತ್ತಾ ಹೋದರೆ ಆ ಒತ್ತಾಯ ಕೊನೆಗೆ ದಿವ್ಯವಾಗಿ ಮಾರ್ಪಡುತ್ತದೆ. ಸತ್ಯವನ್ನು ಅಳೆಯುವ ಬದಲು ಸಹಿಸುವ ಶಕ್ತಿಯನ್ನು ಅಳೆಯುತ್ತದೆ. ಹಣ, ಸಮಯ, ಪ್ರಭಾವ ಇರುವವರು ಕಚೇರಿಯಿಂದ ಕಚೇರಿಗೆ ಅಲೆದು ಗೆಲ್ಲುತ್ತಾರೆ; ಅವು ಇಲ್ಲದವರು, ಸತ್ಯವನ್ನೇ ಹೇಳಿದರೂ ಸೋಲುತ್ತಾರೆ.

ಇದಕ್ಕಿಂತ ಆಳವಾದ ಆಕ್ಷೇಪ ಇನ್ನೊಂದಿದೆ. ನಿರಾಕರಣೆಯೇ ನಿಲ್ಲುವುದಾದರೆ ದುಷ್ಯಂತ ಗೆದ್ದಂತಲ್ಲವೇ? ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಮಗನೊಂದಿಗೆ ಸಭೆಗೆ ಬರುತ್ತಾಳೆ. ಅವರದು ಗಾಂಧರ್ವ ವಿವಾಹ; ಸಾಕ್ಷಿಯಿಲ್ಲ, ಬರಹವಿಲ್ಲ. ಕಾಳಿದಾಸನ ನಾಟಕದ ಶಾಪ, ಉಂಗುರ ಯಾವುವೂ ಅಲ್ಲಿಲ್ಲ. ರಾಜನಿಗೆ ಎಲ್ಲವೂ ನೆನಪಿದೆ, ಆದರೂ ಇಲ್ಲವೆನ್ನುತ್ತಾನೆ. ನಿನ್ನೊಳಗೆ ಇರುವವನಿಗೆ ಇದು ಗೊತ್ತು ಎಂದು ಅವಳು ವಾದಿಸುತ್ತಾಳೆ. ಕೊನೆಗೆ ಅಶರೀರವಾಣಿ ಅವಳ ಪರ ನುಡಿದ ಮೇಲೆ ರಾಜ, ನನಗೆ ಗೊತ್ತಿತ್ತು, ಇವಳ ಮಾತಿನ ಮೇಲಷ್ಟೇ ಒಪ್ಪಿದ್ದರೆ ಜನ ಸಂಶಯಪಡುತ್ತಿದ್ದರು ಎಂದು ಹೇಳುತ್ತಾನೆ. ಇಂದಿನ ಶಕುಂತಲೆಯರು ಪುರಾಣದವರಲ್ಲ. ಮದುವೆಯಾಗಿ ವಿದೇಶಕ್ಕೆ ಹಾರಿ ಅಲ್ಲಿ ಮತ್ತೊಂದು ಸಂಸಾರ ಹೂಡಿದ ಗಂಡಂದಿರ ಹೆಂಡತಿಯರ ಸಮಸ್ಯೆ ಎಷ್ಟು ದೊಡ್ಡದೆಂದರೆ, ಕಾನೂನು ಆಯೋಗ 2024ರಲ್ಲಿ ತನ್ನ 287ನೇ ವರದಿಯನ್ನು ಅನಿವಾಸಿ ಭಾರತೀಯರ ವೈವಾಹಿಕ ವ್ಯಾಜ್ಯಗಳಿಗೇ ಮೀಸಲಿಟ್ಟು, ಅಂಥ ಮದುವೆಗಳ ಕಡ್ಡಾಯ ನೋಂದಣಿಯನ್ನೂ ಪಾಸ್‌ಪೋರ್ಟಿನಲ್ಲಿ ವೈವಾಹಿಕ ಸ್ಥಿತಿಯ ಘೋಷಣೆಯನ್ನೂ ಶಿಫಾರಸು ಮಾಡಿತು. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ನನ್ನ ವಾದವನ್ನು ಮುರಿಯುವುದಕ್ಕಿಂತ ಪೂರ್ಣಗೊಳಿಸುತ್ತದೆ. ಶಕುಂತಲೆಗೆ ಬೇಕಾಗಿದ್ದದ್ದು ದುಷ್ಯಂತ ಇನ್ನೂ ನಾಲ್ಕು ಪತ್ರ ತರುವುದಲ್ಲ. ತನ್ನ ಮಾತನ್ನು ಕೇಳುವ ಕಿವಿ. ಮದುವೆ ನಡೆದಿದೆ ಎನ್ನುವವಳ ಕೈಯಲ್ಲಿ ಫೋಟೋ, ಪುರೋಹಿತರು, ಊಟಕ್ಕೆ ಬಂದ ನೆಂಟರು, ಒಟ್ಟಿಗೆ ಬಾಳಿದ ಮನೆ, ಮಗು ಹೀಗೆ ಘಟನೆ ಬಿಟ್ಟುಹೋದ ಹತ್ತು ಗುರುತುಗಳಿರುತ್ತವೆ. ಇಲ್ಲ ಎನ್ನುವವರ ಮಾತನ್ನು ನಂಬುವ ಪ್ರಭುತ್ವ, ಹೌದು ಎನ್ನುವವರು ಯಾವಾಗ ಬಂದರೂ ಈ ಗುರುತುಗಳನ್ನೆಲ್ಲ ಪರಿಶೀಲಿಸಿ ತನ್ನ ನಂಬಿಕೆಯನ್ನು ಹಿಂತೆಗೆದುಕೊಳ್ಳಲು ಸಿದ್ಧವಿರಬೇಕು. ಬಾಧಕ ಬರುವವರೆಗೆ ಪ್ರಮಾಣ ಎಂಬ ಮೀಮಾಂಸಕರ ಮಾತಿಗೆ, ಬಾಧಕ ಬರುವ ದಾರಿ ತೆರೆದಿರಬೇಕು ಎಂಬ ಹೊಣೆಯೂ ಸೇರಿಕೊಂಡಿದೆ.

ಆ ದಾರಿಯನ್ನು ತೆರೆದಿಡುವುದರಲ್ಲೂ ಎಚ್ಚರ ಬೇಕು. 1954ರ ವಿಶೇಷ ವಿವಾಹ ಕಾಯ್ದೆ ಮದುವೆಗೆ ಮುನ್ನ 30 ದಿನಗಳ ನೋಟಿಸನ್ನು ಪ್ರಕಟಿಸಬೇಕೆನ್ನುತ್ತದೆ. ಜೀವಂತ ಸಂಗಾತಿ ಇರುವುದೇ ಮುಂತಾದ ಕಾನೂನಿನ ಅಡ್ಡಿ ಇದ್ದರೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಲ್ಯಾಟರನ್ ಸಭೆಯ ಯೋಚನೆಯೇ ಇದು, ಹೌದು ಎನ್ನುವವರನ್ನು ಕರೆಯುವ ಉಪಾಯ. ಆದರೆ ನಡೆವಳಿಕೆಯಲ್ಲಿ ಆ ನೋಟಿಸು, ಜಾತಿ ಧರ್ಮ ಮೀರಿ ಮದುವೆಯಾಗುವವರನ್ನು ಹುಡುಕಿ ಬೆದರಿಸಲು ಬಳಕೆಯಾಗಿದೆ. 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಖಾಸಗಿತನದ ಹಕ್ಕನ್ನು ಮುಂದಿಟ್ಟು ನೋಟಿಸಿನ ಪ್ರಕಟಣೆಯನ್ನು ಜೋಡಿಯ ಇಚ್ಛೆಗೆ ಬಿಟ್ಟಿತು. ಇದರಿಂದ ಕಲಿಯಬೇಕಾದದ್ದು ಇಷ್ಟು: ಬಾಗಿಲು ತೆರೆದಿರಬೇಕಾದದ್ದು ಆ ವ್ಯಕ್ತಿಯೊಂದಿಗೆ ಮದುವೆಯಾಗಿದ್ದೇನೆ ಎನ್ನುವವರಿಗೆ, ಅವರ ಪರವಾಗಿ ಮಾತಾಡುವವರಿಗೆ, ತಮಗೆ ಇಷ್ಟವಿಲ್ಲದ ಮದುವೆಯನ್ನು ತಡೆಯಬಯಸುವವರಿಗಲ್ಲ. ಕಾಗದದ ಒತ್ತಾಯ ಕೆಡುಕು ಮಾಡುವ ಇನ್ನೊಂದು ಕಡೆಯೂ ಇದೆ. ರೂಢಿಯ ಬಿಡುಗಡೆಗಳನ್ನು, ಅಂದರೆ ಪದ್ಧತಿಯಂತೆ ಆಗುವ ವಿಚ್ಛೇದನಗಳನ್ನು, ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಉಳಿಸಿಕೊಂಡಿದೆ. ಪಂಚರ ಮುಂದೆ ಬಿಡುಗಡೆಯಾದವರ ಬಳಿ ನ್ಯಾಯಾಲಯದ ಡಿಕ್ರಿ ಇರುವುದಿಲ್ಲ. ಅವರ ಸ್ಥಿತಿಗೆ ಆದಿಯಿದೆ, ಸಾಕ್ಷಿಗಳಿದ್ದಾರೆ, ಕಾಗದವಿಲ್ಲ. ಅಂಥವರಿಗೆ ನಾನು ಮದುವೆಯೇ ಆಗಿಲ್ಲ ಎಂದು ಬರೆದುಬಿಡು ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಕಾಗದವನ್ನೇ ಸತ್ಯವೆಂದು ಎಣಿಸುವ ವ್ಯವಸ್ಥೆ ಪ್ರಾಮಾಣಿಕರನ್ನು ಸುಳ್ಳಿನ ಕಡೆಗೆ ತಳ್ಳುವುದು ಹೀಗೆ. ಆ ಸುಳ್ಳಿನ ಪಾಪದಲ್ಲಿ ಕಾಗದ ಕೇಳಿದವರಿಗೂ ಪಾಲಿದೆ.

ಈ ಎಲ್ಲದರಿಂದ ಪ್ರಭುತ್ವಗಳು ಮಾಡಬೇಕಾದದ್ದು ಸ್ಪಷ್ಟವಾಗುತ್ತದೆ. ಅರ್ಜಿದಾರರ ಘೋಷಣೆಯನ್ನು ಒಮ್ಮೆ, ಸುಳ್ಳಾದರೆ ಆಗುವ ಫಲವನ್ನು ತಿಳಿಸಿ, ಪಡೆಯಬೇಕು. ಮದುವೆಯ ದಾಖಲೆ ಇರಬಹುದಾದ ಕಡೆ ಹುಡುಕುವ ಕೆಲಸವನ್ನು ಕಚೇರಿಯೇ ಮಾಡಿ, ಹುಡುಕಿದ ಜಾಗ, ಹುಡುಕಿದ ವರ್ಷಗಳು, ಸಿಗಲಿಲ್ಲ ಎಂಬ ಫಲ ಇವಿಷ್ಟನ್ನೇ ಪತ್ರದಲ್ಲಿ ಬರೆಯಬೇಕು. ಫಿಲಿಪ್ಪೀನ್ಸ್‌ನ ಪತ್ರ ತನ್ನನ್ನು ದಾಖಲೆ ಇಲ್ಲವೆಂಬ ಪತ್ರ ಎಂದಷ್ಟೇ ಕರೆದುಕೊಳ್ಳುವುದರಲ್ಲಿ ಈ ಮಟ್ಟಿನ ಪ್ರಾಮಾಣಿಕತೆಯಿದೆ. ನಮ್ಮಲ್ಲಿ ಅವಿವಾಹಿತರೆಂದು ದೃಢೀಕರಿಸಲಾಗಿದೆ ಎಂದು ಬರೆದಾಗ, ಬರೆದವರು ತಾವು ತಿಳಿಯಲಾಗದ್ದನ್ನು ತಿಳಿದಂತೆ ಹೇಳಿರುತ್ತಾರೆ. ಹುಡುಕಿ ಸಿಗದಿದ್ದ ಮೇಲೆ, ಎದುರು ನಿಂತು ಹೌದು ಎನ್ನುವವರು ಇಲ್ಲದಿರುವಾಗ, ಅರ್ಜಿದಾರರ ಮಾತನ್ನು ಒಪ್ಪಿ ಅಲ್ಲಿಗೆ ನಿಲ್ಲಿಸಬೇಕು. ಜರ್ಮನಿಯ ಕಾನೂನಿನಲ್ಲಿ, ಅಡ್ಡಿಯಿಲ್ಲದ ಪತ್ರವನ್ನು ಕೊಡುವ ಪದ್ಧತಿಯೇ ಇಲ್ಲದ ದೇಶದವರಿಗೆ ಉಚ್ಚ ಪ್ರಾದೇಶಿಕ ನ್ಯಾಯಾಲಯದ ಅಧ್ಯಕ್ಷರು ವಿನಾಯಿತಿ ಕೊಡಬಹುದು. ಪತ್ರವೇ ಸಿಗದವರಿಗೆ ದಾರಿ ಬೇಕು ಎಂಬುದನ್ನು ಆ ಕಾನೂನೇ ಒಪ್ಪಿಕೊಂಡಿದೆ. ನಂಬಿಕೆ ಎಂದರೆ ಪ್ರಮಾಣ ಸೋತಲ್ಲಿ ಮಾಡಿಕೊಂಡ ರಾಜಿ ಎಂದು ನಾವು ಎಣಿಸುತ್ತೇವೆ. ಆಗದ ಮದುವೆಯ ವಿಷಯ ಬೇರೆಯದನ್ನೇ ತೋರಿಸುತ್ತದೆ. ಬಾಧಕಕ್ಕೆ ತೆರೆದುಕೊಂಡ, ಹೊಣೆ ಹೊತ್ತ ಮಾತು ಸ್ವತಃ ಒಂದು ಪ್ರಮಾಣ. ಕೆಲವು ಸತ್ಯಗಳಿಗೆ ಇರುವುದು ಅದೊಂದೇ. ಅದನ್ನು ಗೌರವಿಸಲು ಕಲಿತ ಪ್ರಭುತ್ವ ಮೋಸಗಾರರ ಕೈಗೆ ಸಿಕ್ಕಿಬೀಳುವುದಿಲ್ಲ. ತನಗೆ ಏನು ಗೊತ್ತು, ಏನು ಗೊತ್ತಿಲ್ಲ, ಯಾರನ್ನು ಯಾಕೆ ನಂಬುತ್ತಿದ್ದೇನೆ ಎಂಬುದು ಅದಕ್ಕೆ ತಿಳಿದಿರುತ್ತದೆ, ಮತ್ತು ತಪ್ಪಾದಾಗ ತಿದ್ದಿಕೊಳ್ಳಲು ಬೇಕಾದದ್ದು ಆ ತಿಳಿವೇ.